ನಾವ್ ಮುಳುಗಿದ್ರ ಹ್ಯಾಂಗ?

ನನ್ನ ಹೆಂಡತಿಯ ತಮ್ಮ ಗುರುನಾಥ ದೋಣಿ ಮಾಡುತ್ತಾನೆ. ಎಲ್ಲಿ? ಕಲಬುರ್ಗಿಯಲ್ಲಿ.

ನಗಬೇಡಿ. ನೀವು ನಗುತ್ತೀರೆಂದು ಗೊತ್ತಿದ್ದೇ ಇಷ್ಟು ದಿನ ಅವನ ಸುದ್ದಿಯನ್ನು ಈ ಅಂಕಣದಲ್ಲಿ ತೆಗೆದಿರಲಿಲ್ಲ. ನಮ್ಮೂರಲ್ಲಿ ಬಿಸಿಲಿದೆ, ತೊಗರಿ ಇದೆ, ರೈಲು ನಿಲ್ಲುತ್ತದೆ, ನಿಜಾಮ ಸರಕಾರದ ಕಚೇರಿಗಳಿವೆ. ಹೊಳೆಯೊಂದಿಲ್ಲ. ಭೀಮಾ ನದಿ ನೋಡಬೇಕೆಂದರೆ ಬುತ್ತಿ ಕಟ್ಟಿಕೊಂಡು ಎತ್ತಿನ ಗಾಡಿ ಹತ್ತಬೇಕು.

ಗುರುನಾಥನ ವಾದವೇ ಬೇರೆ. "ಮಾಮಾ, ಹೊಳಿ ದಂಡಿ ಮಂದಿಗಿ ದೋಣಿ ದಾಟಿಸೋದ್ರಾಗೇ ದಿನ ಹೋಗ್ತದ. ಮಾಡ್ಲಿಕ್ಕಿ ಪುರಸೊತ್ತು ಎಲ್ಲದ? ಮಾಡೋರು ಬ್ಯಾರೆ ಕಡಿ ಇರಬೇಕು" ಎನ್ನುತ್ತಾನೆ. (ಕೇಳುವಾಗ ಸರಿ ಅನ್ನಿಸುತ್ತದೆ. ಮನೆಗೆ ಬಂದು ಊಟಕ್ಕೆ ಕುಳಿತಾಗ ಎಲ್ಲೋ ತಪ್ಪಿದೆ ಅನ್ನಿಸುತ್ತದೆ.)

ಊರೊಳಗೆ ಜಗತ್ ಎಂಬ ಓಣಿಯ ಹತ್ತಿರ ಅವನದೊಂದು ಗಾಡಿ ಕಾರ್ಖಾನೆ ಇತ್ತು. ಚೆನ್ನಾಗಿಯೇ ನಡೆಯುತ್ತಿತ್ತು. ಗಾಡಿ ಬಿಟ್ಟು ದೋಣಿಗೆ ಕೈ ಹಾಕಿದ. ಹಲಗೆ ಒಬ್ಬನ ಹತ್ತಿರ, ಮೊಳೆ ಇನ್ನೊಬ್ಬನ ಹತ್ತಿರ, ಸಂದಿಗೆ ಬಳಿಯುವ ಡಾಂಬರು ಮತ್ತೊಬ್ಬನ ಹತ್ತಿರ. ಎಲ್ಲರ ಜೊತೆಗೂ ಗಂಟಲು ಹರಿಯುವಷ್ಟು ಚೌಕಾಸಿ. ಮೊದಲ ದೋಣಿಯನ್ನು ಊರ ಕೆರೆಗೆ ಇಳಿಸಿದೆವು. ಅದು ಇಳಿಯಿತು. ಇಳಿಯುತ್ತಲೇ ಹೋಯಿತು.

ತಪ್ಪು ಯಾರದು? ಹಲಗೆಯವನು ಮೊಳೆ ಸರಿಯಿಲ್ಲ ಎಂದ. ಮೊಳೆಯವನು ಡಾಂಬರು ತೆಳು ಎಂದ. ಡಾಂಬರಿನವನು ಬಹಳ ಯೋಚಿಸಿ, "ನಿಮ್ಮ ಕೆರಿ ನೀರೇ ಸರಿ ಇಲ್ರೀ" ಎಂದ.

ಇದು ಬರೀ ವ್ಯಾಪಾರದ ನಷ್ಟವಾಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ತಾಜಸುಲ್ತಾನಪುರದ ಶಿವಲಿಂಗಪ್ಪನವರು ತಮ್ಮ ಮಗಳನ್ನು ಗುರುನಾಥನಿಗೆ ಕೊಡುವ ಮಾತಾಡಿದ್ದರು. ಇನ್ನೂ ಗಾಡಿ ಮಾಡುತ್ತಿದ್ದಾಗಲೇ ಗುರುನಾಥ ಹುಡುಗಿಯನ್ನು ನೋಡಿ ಬಂದಿದ್ದ. ನೋಡಿ ಬಂದವನು ಗಾಡಿಯ ಗಾಲಿಗೆ ಕೀಲು ಹಾಕುವುದನ್ನೇ ಮರೆತು, ಗಿರಾಕಿಗಳ ಜೀವಕ್ಕೆ ಕುತ್ತು ತಂದಿದ್ದ. ಅಷ್ಟು ಇಷ್ಟವಾಗಿದ್ದಳು. ದೋಣಿ ಮುಳುಗಿದ ಸುದ್ದಿ ತಾಜಸುಲ್ತಾನಪುರಕ್ಕೆ ನಮಗಿಂತ ಮೊದಲೇ ತಲುಪಿತು.

ಶಿವಲಿಂಗಪ್ಪನವರು ಮನೆಗೆ ಬಂದು, ಚಹಾ ಕುಡಿದು, ಮೆತ್ತಗೆ ಹೇಳಿದರು: "ನೀರಿಲ್ಲದ ಊರಾಗ ದೋಣಿ ಮಾಡ್ತಾನ, ಇರ್ಲಿ. ಅದೂ ಮುಳಗ್ತದಂದ್ರ ಹೆಣ್ಣು ಹ್ಯಾಂಗ ಕೊಡ್ಲಿ? ಒಂದು ದೋಣಿ ತೇಲಿಸಿ ತೋರಸ್ಲಿ. ಅವತ್ತೇ ಮಾತು ಪಕ್ಕಾ ಮಾಡ್ತೀನಿ."

ನನ್ನ ಹೆಂಡತಿ ಅಡುಗೆಮನೆಯಲ್ಲೇ ಅತ್ತಳು. ಆಮೇಲೆ ಹೊರಗೆ ಬಂದು, ಇದಕ್ಕೆಲ್ಲ ನಾನೇ ಕಾರಣ ಎಂಬಂತೆ ನನ್ನನ್ನು ನೋಡಿದಳು.

ಹಾಗಾಗಿ ಗುರುನಾಥನ ಜೊತೆ ನಾನೂ ಕಮಲಾಪುರಕ್ಕೆ ಹೋಗಬೇಕಾಯಿತು. ಅಲ್ಲಿ ಮಸ್ತಾನ ಸಾಹೇಬರು ಕಟ್ಟಿಗೆ ವ್ಯಾಪಾರಿ. ದೊಡ್ಡ ಆಳು, ದೊಡ್ಡ ದನಿ. ಗುರುನಾಥ ಈ ಸಲ ಚೌಕಾಸಿಗೆ ಹೋಗಲಿಲ್ಲ. ಹಲಗೆ, ಮೊಳೆ, ಡಾಂಬರು ಎಲ್ಲ ನೀವೇ ಕೊಡಿ, ನನಗೆ ಪಾರ್ಟನರ್ ಆಗಿ, ಲಾಭದಲ್ಲಿ ಪಾಲು ತಗೊಳ್ಳಿ ಎಂದ. ಸಾಹೇಬರಿಗೆ ಖುಷಿಯಾಯಿತು. ಆಗ ಗುರುನಾಥ, ವ್ಯಾಪಾರ ಕೈಕೊಟ್ಟರೆ ಎಂಬ ಹೆದರಿಕೆಯಿಂದ ಕೇಳಿದ:

"ಖರೆ ಸಾಹೇಬ್ರ, ನಾವ್ ಮುಳುಗಿದ್ರ ಹ್ಯಾಂಗ?"

ಸಾಹೇಬರು ಎದೆ ತಟ್ಟಿಕೊಂಡರು. "ನಾವ್ ಹ್ಯಾಂಗ ಮುಳಗ್ತದ ಭಾಯಿ? ನಾನೇ ಒಳಗ ಕುಂತು ತೋರಸ್ತೀನಿ. ಜಿಮ್ಮೇದಾರಿ ನಂದು."

ಗುರುನಾಥ ಹೇಳಿದ್ದು ನಮ್ಮ ಕನ್ನಡದ ನಾವು. ಸಾಹೇಬರು ಕೇಳಿಸಿಕೊಂಡದ್ದು ಅವರ ಉರ್ದುವಿನ ನಾವ್, ಅಂದರೆ ದೋಣಿ. ಕಚೇರಿಯಲ್ಲಿ ದಿನವಿಡೀ ಉರ್ದು ಬರೆಯುವ ನನಗೆ ಇದು ಕೂಡಲೇ ತಿಳಿಯಿತು. ತಿದ್ದೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಇಬ್ಬರೂ ತಬ್ಬಿಕೊಂಡಾಗಿತ್ತು. ಗುರುನಾಥನ ಕಣ್ಣಲ್ಲಿ ನೀರು ಬೇರೆ. ತಬ್ಬಿಕೊಂಡವರ ನಡುವೆ ವ್ಯಾಕರಣ ತೂರಿಸುವುದು ಸರಿಯೇ?

ಆ ತಪ್ಪು ತಿಳಿವಳಿಕೆ ಮಾಡಿದ ಉಪಕಾರ ನೋಡಿ. ಮಸ್ತಾನ ಸಾಹೇಬರು ಕೊಟ್ಟ ಮಾತಿಗೆ ತಪ್ಪುವವರಲ್ಲ. ದೋಣಿಯಲ್ಲಿ ಕೂರುವುದು ತಾವೇ ಎಂದಾದ ಮೇಲೆ ಅವರಿಗೆ ತಮ್ಮ ಅಂಗಡಿಯ ಮಾಲಿನ ಮೇಲೇ ಅನುಮಾನ ಶುರುವಾಯಿತು. ತಾವೇ ಇಳಿಸಿದ ಹಲಗೆಗಳನ್ನು ತಾವೇ ಬಡಿದು, ಮೂಸಿ, ಬೈದು ವಾಪಸು ಕಳಿಸಿದರು. ಮೊಳೆಗಳನ್ನು ಹಲ್ಲಲ್ಲಿ ಕಚ್ಚಿ ನೋಡಿದರು. "ಇಲ್ಲಿ ಇನ್ನೊಂದು ಕೈ ಬಳಿಯಪ್ಪಾ, ನಾನು ಇಲ್ಲೇ ಕುಂಡ್ರೋನು" ಎಂದು ಡಾಂಬರಿನ ಡಬ್ಬಿ ಹಿಡಿದು ಗುರುನಾಥನ ಬೆನ್ನು ಬಿದ್ದರು. ಚೌಕಾಸಿಯಿಂದ ಬಾರದ ಒಳ್ಳೆಯ ಮಾಲು ಜೀವಭಯದಿಂದ ಬಂತು.

ಖಾನಾವಳಿಯವನು ತನ್ನ ಸಾರನ್ನು ತಾನೇ ಉಣ್ಣುವಂತಾದರೆ? ರಸ್ತೆ ಮಾಡಿಸುವ ಸಾಹೇಬರು ಆ ರಸ್ತೆಯಲ್ಲೇ ದಿನಾ ಟಾಂಗಾದಲ್ಲಿ ಕುಲುಕುವಂತಾದರೆ? (ನನ್ನ ಅಂಕಣವನ್ನು ನಾನೇ ಓದುವಂತಾದರೆ ಎಂದು ನೀವು ಕೇಳುವ ಮೊದಲೇ ಮುಂದೆ ಹೋಗುತ್ತೇನೆ.)

ಕಳೆದ ಶುಕ್ರವಾರ ಕಚೇರಿಗೆ ರಜೆ. ಕೆರೆಯ ದಂಡೆಯ ಮೇಲೆ ಅರ್ಧ ಊರು. ಶಿವಲಿಂಗಪ್ಪನವರು ಕೊಡೆ ಹಿಡಿದು ಮುಂದೆ ನಿಂತಿದ್ದರು. ಮಸ್ತಾನ ಸಾಹೇಬರು ಕಮಲಾಪುರದ ಕೆಂಪು ಬಾಳೆಗೊನೆಯೊಂದನ್ನು ಹೆಗಲ ಮೇಲೆ ಹೊತ್ತು ಬಂದು, ದೇವರ ಹೆಸರು ಹೇಳಿ, ಗೊನೆಸಮೇತ ದೋಣಿ ಹತ್ತಿದರು. ಆಮೇಲೆ ತಿರುಗಿ, "ಪಾರ್ಟನರ್ ಎಲ್ಲಿ?" ಎಂದರು.

ಪಾರ್ಟನರ್ ನನ್ನ ಬೆನ್ನ ಹಿಂದೆ ಇದ್ದ. ಅವನಿಗೆ ನೀರೆಂದರೆ ಭಯ. (ದೋಣಿ ಮಾಡುವವನಿಗೆ ನೀರಿನ ಭಯವಿರಬಾರದು ಎಂದು ಯಾವ ಸರಕಾರವೂ ಕಾನೂನು ಮಾಡಿಲ್ಲ.) ಆದರೆ ಬೀಗರಾಗುವವರು ನೋಡುತ್ತಿದ್ದಾರೆ. ಕಣ್ಣು ಮುಚ್ಚಿಕೊಂಡು ಹತ್ತಿದ. ನಾವು ನೂಕಿದೆವು.

ತೇಲಿತು. ನಿಜವಾಗಿ ತೇಲಿತು. ಒಂದು ಹನಿಯೂ ಒಳಗೆ ಬರಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ ಗುರುತಿಲ್ಲದ ಯಾರದೋ ಕೈ ಹಿಡಿದು ಕುಲುಕಿದೆ. ಗಾಳಿ ಚೆನ್ನಾಗಿತ್ತು. ದೋಣಿ ಹಂಸದ ಹಾಗೆ ಕೆರೆಯ ನಡುವಿಗೆ ಹೋಯಿತು.

ಅಲ್ಲೇ ನಿಂತಿತು.

"ಸಾಕು, ಬರ್ರೀ ಇನ್ನ" ಎಂದು ನಾನು ಕೂಗಿದೆ. "ಮಾಮಾ, ಹುಟ್ಟು ಇಲ್ಲ" ಎಂದ ಗುರುನಾಥ.

ಹಲಗೆ ಬಂದಿತ್ತು, ಮೊಳೆ ಬಂದಿತ್ತು, ಡಾಂಬರು ಬಂದಿತ್ತು. ದೋಣಿ ನಡೆಸುವ ಹುಟ್ಟು ಯಾರು ತರಬೇಕು? ಸಾಹೇಬರು ಗುರುನಾಥ ಮಾಡುತ್ತಾನೆ ಅಂದುಕೊಂಡಿದ್ದರು. ಗುರುನಾಥ, ಮಾಲೆಲ್ಲ ಕಮಲಾಪುರದಿಂದ ಬರುತ್ತದಲ್ಲ, ಅದರ ಜೊತೆಗೇ ಬಂದಿರುತ್ತದೆ ಅಂದುಕೊಂಡಿದ್ದ. ಅಂಗೈಯಿಂದ ನೀರು ತಳ್ಳಿ ನೋಡಿದರು. ಒಬ್ಬರು ಈ ಕಡೆ, ಒಬ್ಬರು ಆ ಕಡೆ. ದೋಣಿ ನಿಂತಲ್ಲೇ ಗಿರಗಿರ ತಿರುಗಿತು. ಇನ್ನೇನು ಜಗಳ ಶುರುವಾಗುತ್ತದೆ, ಒಬ್ಬರನ್ನೊಬ್ಬರು ನೀರಿಗೆ ದಬ್ಬುತ್ತಾರೆ ಎಂದುಕೊಂಡೆ. ದಬ್ಬಿದರೆ ಮದುವೆಯ ಮಾತೂ ಅಲ್ಲಿಗೇ ಮುಗಿಯಿತು.

ಜಗಳ ಆಗಲಿಲ್ಲ. ಸಾಹೇಬರು ಒಂದು ಬಾಳೆಹಣ್ಣು ಸುಲಿದು ಗುರುನಾಥನಿಗೆ ಕೊಟ್ಟರು. ಅವನು ಒಂದು ಸುಲಿದು ಅವರಿಗೆ ಕೊಟ್ಟ. ಇಬ್ಬರೂ ತಿನ್ನುತ್ತ ಕುಳಿತರು. ಸ್ವಲ್ಪ ಹೊತ್ತಿಗೆ ನಗುವ ಸದ್ದೂ ಕೇಳಿತು.

ಶಿವಲಿಂಗಪ್ಪನವರು ಕೊಡೆ ಮಡಚಿದರು. "ಕೊಡ್ತೀನ್ರೀ ಹೆಣ್ಣು" ಎಂದರು.

"ತೇಲಿತು ಅಂತೇನ್ರೀ?" ಎಂದೆ.

"ತೇಲೋದು ಬಿಡ್ರೀ. ನಡುನೀರಾಗ ಸಿಕ್ಕೊಂಡಾನ, ತಪ್ಪು ಇಬ್ಬರದೂ ಅದ, ಆದ್ರೂ ಒದರಾಡಲಾರ್ದೇ ಹಣ್ಣು ಸುಲಿದು ಕೊಡ್ಲಿಕತ್ತಾನ. ಸಂಸಾರಕ್ಕ ಇನ್ನೇನು ಬೇಕು?"

ನನ್ನ ಹೆಂಡತಿ ಅಲ್ಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ದಂಡೆಯ ಮೇಲೆಯೇ ಸಕ್ಕರೆ ಹಂಚಿದರು. ಸ್ವಾಮಿಗಳೊಬ್ಬರು ಬೆರಳು ಮಡಚಿ ಮುಹೂರ್ತವನ್ನೂ ಹೇಳಿಬಿಟ್ಟರು. ಹೆಣ್ಣು ಗೊತ್ತಾಯಿತು, ದಿನ ಗೊತ್ತಾಯಿತು, ಅಡುಗೆಯವರೂ ಗೊತ್ತಾದರು.

ಈಗ ವರನನ್ನು ದಡಕ್ಕೆ ತರುವವರು ಯಾರು?