ದೊರೆಯ ಆರು ಹಲ್ಲು

ದೊರೆ ಅನ್ನುವುದು ಅವನ ಹೆಸರಲ್ಲ. ಶಾಲೆಯಲ್ಲಿ ಅವನು ಸ್ವಂತ ಪೆನ್ಸಿಲ್ ತಂದದ್ದನ್ನು ಯಾರೂ ಕಂಡಿರಲಿಲ್ಲ. ಪಕ್ಕದವನದು ತೆಗೆದುಕೊಂಡು ಬರೆದು, ಗಂಟೆ ಹೊಡೆದ ಮೇಲೆ ಜೇಬಿಗೆ ಸೇರಿಸಿ ಎದ್ದು ಹೋಗುತ್ತಿದ್ದ. ಕೇಳಿದರೆ "ಓ, ನಿಂದಾ ಇದು?" ಅಂತ ಅವನಿಗೇ ಆಶ್ಚರ್ಯ. ಆಗ ನಾವಿಟ್ಟ ಹೆಸರು ಅದು. ನಲವತ್ತೈದು ವರ್ಷ ಕಳೆದರೂ ಹೆಸರೂ ಹೋಗಿಲ್ಲ, ಬುದ್ಧಿಯೂ ಹೋಗಿಲ್ಲ.

ನಾನು ಹಲ್ಲು ಕಟ್ಟುವವನು. ದಂತವೈದ್ಯರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ನಾನು ಅದಕ್ಕೆ ಪ್ಲಾಸ್ಟರ್ ಎರೆದು ಅಚ್ಚು ತೆಗೆದು, ಮೇಣದಲ್ಲಿ ಒಸಡು ಕಟ್ಟಿ, ಹಲ್ಲು ಜೋಡಿಸಿ, ಮೋಟಾರಿನಲ್ಲಿ ಉಜ್ಜಿ ನುಣುಪು ಮಾಡಿ ಕೊಡುತ್ತೇನೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿ ಪಕ್ಕದ ಮೇಜು ನನ್ನ ಹೆಂಡತಿಯದು. ಮುಂದಿನ ಹಲ್ಲುಗಳನ್ನು ಆರಿಸಿ ಕೂರಿಸುವ ಕೆಲಸವೆಲ್ಲ ಅವಳದೇ, ಬಣ್ಣ ಹೊಂದಿಸುವುದರಲ್ಲಿ ಅವಳನ್ನು ಮೀರಿಸಿದವರನ್ನು ನಾನು ನೋಡಿಲ್ಲ. ಆದರೆ ಈಗ ಎರಡು ವರ್ಷದಿಂದ ಅವಳ ಎರಡೂ ಕಣ್ಣಿಗೆ ಪೊರೆ. ಬಿಳಿ ಹಲ್ಲೂ ಹಳದಿ ಹಲ್ಲೂ ಒಂದೇ ಥರ ಕಾಣುತ್ತದೆ ಅನ್ನುತ್ತಾಳೆ. ಪೊರೆ ತೆಗೆಸಲಿಕ್ಕೆಂದು ಚೂರುಚೂರೇ ಕೂಡಿಸಿಟ್ಟಿದ್ದ ನಲವತ್ತು ಸಾವಿರವನ್ನೇ ಈ ದೊರೆ ಹೊಡೆದುಕೊಂಡು ಹೋದದ್ದು.

ಅವನಿಗೆ ಹಲ್ಲು ಬಂದ ಕಥೆಯನ್ನೂ ಹೇಳಬೇಕು. ಮೂರು ವರ್ಷದ ಹಿಂದೆ ಯಾರದೋ ಸ್ಕೂಟರ್ ಕೇಳಿ ತೆಗೆದುಕೊಂಡು ಹೋಗಿ ಬಿದ್ದು, ಮೇಲಿನ ಮುಂದಿನ ಆರು ಹಲ್ಲು ಕಳೆದುಕೊಂಡ. ಸ್ಕೂಟರ್ ರಿಪೇರಿ ದುಡ್ಡನ್ನು ಸ್ಕೂಟರಿನವನೇ ಕೊಟ್ಟ, ಅದು ಬೇರೆ ಮಾತು. ಆಮೇಲೆ ಆರು ತಿಂಗಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ ಮಾತಾಡುತ್ತಿದ್ದ. ನನಗೆ ಅಯ್ಯೋ ಅನ್ನಿಸಿತು. ಬಿಟ್ಟಿಯಾಗಿ ಕಟ್ಟಿಕೊಟ್ಟೆ. ಹೆಂಡತಿಯ ಕಣ್ಣು ಸರಿಯಿದ್ದಾಗಿನ ಕೊನೆಯ ಒಳ್ಳೆಯ ಕೆಲಸ ಅದು. ಎಡಗಡೆಯ ಹಲ್ಲೊಂದನ್ನು ಕೂದಲೆಳೆಯಷ್ಟು ತಿರುಗಿಸಿ ಕೂರಿಸಿದ್ದಳು, ಹುಟ್ಟಿದ ಹಲ್ಲೇ ಅನ್ನಿಸಲಿ ಅಂತ. ಅವನು ನಕ್ಕರೆ ದಂತವೈದ್ಯರಿಗೂ ಗೊತ್ತಾಗುತ್ತಿರಲಿಲ್ಲ. ಬಂದವರ ಮುಂದೆಲ್ಲ ನಾನು ಅದನ್ನು ಹೇಳಿಕೊಂಡು ಮೆರೆದೆ.

ಸಾಲ ಕೇಳಲು ಬಂದಾಗ ಅದೇ ಹಲ್ಲು ತೋರಿಸಿ ನಕ್ಕ. "ಹದಿನೈದೇ ದಿನ ಕಣೋ. ನನ್ನ ಮೇಲೆ ನಂಬಿಕೆ ಇಲ್ವಾ?" ಅಂದ. ನಾನೇ ಕಟ್ಟಿದ ನಗು ನೋಡಿ ನಾನೇ ಕರಗಿ, ಬೀರು ತೆಗೆದೆ. ನನ್ನಂಥ ಮಂಕ ಇನ್ನೊಬ್ಬನಿರಲಾರ.

ಹದಿನೈದು ದಿನ ಹದಿನಾಲ್ಕು ತಿಂಗಳಾಯಿತು. ಕಣ್ಣು ತಪ್ಪಿಸಿಕೊಂಡು ಓಡಾಡುವ ಸಾಲಗಾರನಿಗೆ ಸ್ವಲ್ಪವಾದರೂ ನಾಚಿಕೆ ಇರುತ್ತದೆ. ಇವನು ಎದುರಿಗೇ ಬಂದು, ನಾನು ಬಾಯಿ ತೆರೆಯುವ ಮೊದಲೇ "ನಿನ್ನ ವಿಷಯ ತಲೇಲಿದೆ ಕಣೋ" ಅನ್ನುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹೊಸ ಗಡಿಯಾರ. ಒಂದು ದಿನ ಅಂಗಡಿಯಲ್ಲೇ ಕೂತು, ನನ್ನ ಮನೆಯ ಟೀ ಕುಡಿಯುತ್ತಾ, ನನ್ನ ಹೆಂಡತಿಗೆ ಬುದ್ಧಿ ಹೇಳಿದ. "ಕಣ್ಣಿನ ವಿಷಯದಲ್ಲಿ ತಡ ಮಾಡ್ಬಾರ್ದಮ್ಮ. ಬೇಗ ತೋರಿಸ್ಕೋ." ಅವಳು "ಆಗ್ಲಿ ಅಣ್ಣ" ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು, ಆದರೂ ಬಿಸ್ಕತ್ತಿನ ತಟ್ಟೆ ಮುಂದೆ ತಳ್ಳಿದೆ. ಅವನು ಎರಡು ತೆಗೆದುಕೊಂಡ.

ಹೋದ ತಿಂಗಳು ಅವನೇ ಬಲೆಗೆ ಬಿದ್ದ. ಒಸಡಿಗೆ ಒತ್ತುತ್ತಿದೆ ಅಂತ ಹಲ್ಲಿನ ಸೆಟ್ ಬಿಚ್ಚಿ ನನ್ನ ಕೈಗೆ ಕೊಟ್ಟ. ನಾನು ಅದನ್ನು ನೀರು ತುಂಬಿದ ಗಾಜಿನ ಲೋಟಕ್ಕೆ ಹಾಕಿ, ಬೀರುವಿನೊಳಗಿಟ್ಟು ಬೀಗ ಹಾಕಿದೆ.

"ದುಡ್ಡು ತಂದು ಹಲ್ಲು ತಗೊಂಡು ಹೋಗು."

ಅವನು ಬಾಯಿಗೆ ಕೈ ಅಡ್ಡ ಹಿಡಿದ. "ಸ್ನೇಹಿತನ ಹತ್ರ ಹೀಗಾ ನಡ್ಕೊಳ್ಳೋದು?" ಅಂದ. ಸ್ನೇಹ ಅನ್ನುವ ಮಾತು ಅವನಿಗೆ ಇಂಥ ಹೊತ್ತಿನಲ್ಲೇ ನೆನಪಾಗುವುದು. ಪೊಲೀಸರಿಗೆ ಹೇಳ್ತೀನಿ ಅಂದ. ಹೇಳು, ಜೊತೆಗೆ ನಾನೂ ಬರ್ತೀನಿ ಅಂದೆ. ಮೇಲ್ದುಟಿ ಒಳಕ್ಕೆ ಹೋಗಿದ್ದ ಆ ಮುಖ ನೋಡಿ ನನಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ನಾಲ್ಕು ದಿನ ಅವನ ಸುಳಿವಿಲ್ಲ. ಐದನೆಯ ದಿನ ಅವನ ಹೆಂಡತಿ ಬಂದಳು. ಬಸ್ ನಿಲ್ದಾಣದ ಪಕ್ಕ ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಚೀಟಿ ಹರಿದು ಕೊಡುವ ಕೆಲಸ ಅವಳದು. ಅವನ ಸಂಸಾರ ನಡೆಯುವುದೇ ಅದರಿಂದ. ಚೀಲದಿಂದ ರಬ್ಬರ್ ಹಾಕಿದ ನೋಟಿನ ಕಟ್ಟು ತೆಗೆದು ಮೇಜಿನ ಮೇಲಿಟ್ಟಳು.

"ಇಪ್ಪತ್ತು ಸಾವಿರ ಇದೆ ಅಣ್ಣ. ಅವರಿಗೆ ಗೊತ್ತಿಲ್ದೆ ಇಟ್ಟಿದ್ದೆ. ಉಳಿದಿದ್ದು ತಿಂಗಳಿಗೆ ಎರಡೆರಡು ಸಾವಿರ ಕೊಡ್ತೀನಿ."

ಇಪ್ಪತ್ತು ಸಾವಿರ ಅಂದರೆ ಒಂದು ಕಣ್ಣು. ಲೋಟ ತೆಗೆದು ಅವಳ ಮುಂದಿಟ್ಟೆ. ಅವಳು ಮುಟ್ಟಲಿಲ್ಲ.

"ನಾಲ್ಕು ದಿನದಿಂದ ಮನೇಲೇ ಇದಾರೆ. ಯಾರ ಹತ್ರಾನೂ ಕೈ ಚಾಚಿಲ್ಲ. ನೀವೊಬ್ರೇ ಅಲ್ಲ ಅಣ್ಣ, ಇನ್ನೂ ಒಂಬತ್ತು ಮನೆ ಸಾಲ ಇದೆ. ಎಲ್ಲಾ ಈ ಹಲ್ಲು ಬಂದ ಮೇಲೇ ಆಗಿದ್ದು. ಹಲ್ಲಿಲ್ದಾಗ ಅವರಿಗೆ ಯಾರೂ ಬೆಂಕಿಪೊಟ್ಟಣಾನೂ ಕೊಡ್ತಿರ್ಲಿಲ್ಲ."

ನಾನು ಲೋಟವನ್ನು ಇನ್ನಷ್ಟು ಅವಳತ್ತ ಸರಿಸಿದೆ.

"ಊಟ ಮಾಡೋಕೆ ಹಲ್ಲು ಬೇಕು, ಅದು ಇರ್ಲಿ. ನೋಡೋಕೆ ಮಾತ್ರ ಕೆಡಿಸಿಕೊಡಿ. ಬಾಯಿಗೆ ಕೈ ಅಡ್ಡ ಬರಬೇಕು, ಅಷ್ಟು ಸಾಕು. ಇಲ್ಲಾಂದ್ರೆ ಇವತ್ತು ನಿಮ್ಮದು ತೀರಿಸಿದ್ರೆ ನಾಳೆ ಇನ್ನೊಬ್ರದು ನನ್ನ ತಲೆ ಮೇಲೆ ಬರುತ್ತೆ. ಕೆಡಿಸಲ್ಲ ಅಂದ್ರೆ ದುಡ್ಡು ವಾಪಸ್ ಕೊಡಿ."

ನಾನು ಸೆಟ್ಟನ್ನು ಕೈಗೆತ್ತಿಕೊಂಡೆ. ಎಡಗಡೆಯ ಆ ಹಲ್ಲು, ಕೂದಲೆಳೆಯಷ್ಟು ತಿರುಗಿದ್ದು, ಕಿಟಕಿಯ ಬೆಳಕಿನಲ್ಲಿ ಹೊಳೆಯಿತು. ಇಂಥ ಕೆಲಸ ಇನ್ನು ಈ ಮೇಜಿನಿಂದ ಬರುತ್ತದೋ ಇಲ್ಲವೋ. ಮೋಟಾರಿನ ಗುಂಡಿಯವರೆಗೆ ಹೋದ ಕೈ ಹಿಂದೆ ಬಂತು. "ಆಗಲ್ಲಮ್ಮ, ಬೇರೆ ಏನಾದ್ರೂ ಹೇಳು" ಅಂದೆ. ಅವಳು ನೋಟಿನ ಕಟ್ಟಿಗೆ ಕೈ ಹಾಕಿದಳು. ಹದಿನಾಲ್ಕು ತಿಂಗಳಿಂದ ದೊರೆಯನ್ನು ನಾಚಿಕೆಗೆಟ್ಟವನು ಅಂತ ಬೈದವನು ನಾನು. ಈಗ ಆರು ಹಲ್ಲಿನ ಹೆಮ್ಮೆಗೆ ಹೆಂಡತಿಯ ಕಣ್ಣನ್ನು ಬಾಗಿಲಾಚೆ ಕಳಿಸಲು ಕೂತಿದ್ದೆ. ಅವನಾದರೂ ಮಂದಿಯ ದುಡ್ಡು ತಿಂದ.

ಕಿಟಕಿ ಪಕ್ಕದಿಂದ ನನ್ನ ಹೆಂಡತಿ ಕೈ ಚಾಚಿದಳು. "ರೀ, ಇಲ್ಲಿ ಕೊಡಿ ಅದನ್ನ."

ಕೊಟ್ಟೆ. ಹೆಬ್ಬೆರಳಿನಿಂದ ಒಂದೊಂದೇ ಹಲ್ಲು ಸವರಿದಳು. ಎಡಗಡೆಯದು ಬಂದಾಗ ಬೆರಳು ಒಂದು ಕ್ಷಣ ನಿಂತಿತು. ಮೋಟಾರ್ ಹಾಕಿದಳು. ಬಿಳಿ ಪುಡಿ ಅವಳ ಮಡಿಲಿಗೆ ಉದುರಿತು. ಅರ್ಧ ಹಲ್ಲು ಹೋದ ಮೇಲೆ ನಿಲ್ಲಿಸಿ, ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಏನೂ ಕಾಣದೆ, ಮತ್ತೆ ಬೆರಳಾಡಿಸಿದಳು. "ನಾಲಿಗೆಗೆ ತಾಗದ ಹಾಗೆ ಅಂಚು ನುಣುಪು ಮಾಡಿದೀನಿ" ಅಂದಳು. ಕೆಡಿಸುವುದರಲ್ಲೂ ಕೆಲಸ ಅಚ್ಚುಕಟ್ಟು. ದೊರೆಯ ಹೆಂಡತಿ ನೋಟಿನ ಕಟ್ಟನ್ನು ಅವಳ ಮಡಿಲಲ್ಲೇ ಇಟ್ಟು, ಹಲ್ಲು ಅವರೇ ಬಂದು ತಗೊಳ್ಳಲಿ, ನನಗೆ ಕೆಲಸಕ್ಕೆ ಹೊತ್ತಾಯಿತು ಅಂತ ಎದ್ದಳು.

ಮರುದಿನ ಬೆಳಿಗ್ಗೆಯೇ ದೊರೆ ಹಾಜರು. ಹೆಂಡತಿ ದುಡ್ಡು ಕೊಟ್ಟದ್ದು ಗೊತ್ತಾಗಿತ್ತು. ಆದರೂ ತಾನೇ ಕೊಟ್ಟವನ ಗತ್ತಿನಲ್ಲಿ ಅಂಗೈ ಚಾಚಿದ. ಸೆಟ್ ಹಾಕಿಕೊಂಡು, ಗೋಡೆಯ ಕನ್ನಡಿಗೆ ಹಲ್ಲು ಕಿರಿದ. ಮುಖ ಇಳಿಯಿತು. ಕೈ ತಾನಾಗಿಯೇ ಬಾಯಿಯ ಮೇಲೆ ಬಂತು.

"ಇದೇನೋ, ಒಂದು ಹಲ್ಲು ಅರ್ಧಕ್ಕರ್ಧ ಇಲ್ವಲ್ಲೋ?"

ನಾನು ಹೇಳುವ ಮೊದಲೇ ಕಿಟಕಿ ಪಕ್ಕದಿಂದ ಉತ್ತರ ಬಂತು.

"ಕಣ್ಣು ಸರಿಯಾಗಿ ಕಾಣಲ್ವಲ್ಲ ಅಣ್ಣ, ಕೈ ತಪ್ಪಿಹೋಯ್ತು. ಒಂದು ಕಣ್ಣಿನ ದುಡ್ಡು ಬಂದಿದೆ. ಇನ್ನೊಂದರದೂ ಬರ್ಲಿ, ಆಮೇಲೆ ಹೊಸ ಹಲ್ಲು ಕೂರಿಸಿಕೊಡ್ತೀನಿ."

ಅವನು ನನ್ನ ಕಡೆ ನೋಡಿದ. ನಾನು ಪ್ಲಾಸ್ಟರ್ ಕಲಸುತ್ತಿದ್ದೆ. ಬಾಗಿಲು ದಾಟಿ, ಬೀದಿಯ ತಿರುವಿನವರೆಗೂ ಅವನ ಕೈ ಬಾಯಿಯ ಮೇಲೇ ಇತ್ತು.