ಕೊಂಡಿ ಎತ್ತಿ ನೋಡುವ ಕಾಕಾ

ಬೆಂಗೇರಿಯ ವೆಲ್ಡಿಂಗ್ ಕಾಕಾ ಯಾವ ಟ್ರೇಲರ್ ಬಂದರೂ ಮೊದಲು ಗಾಡಿಗೆ ಸಿಕ್ಕಿಸುವ ಅದರ ಮುಂದಿನ ಕೊಂಡಿಯನ್ನು ಒಂದೇ ಕೈಯಲ್ಲಿ ಎತ್ತಿ ನೋಡುತ್ತಿದ್ದರು. "ಭಾರ ಮುಂದ ಇರ್ಲಿ, ತಮ್ಮಾ" ಎನ್ನುವುದು ಅವರ ಮಾತು.

ಒಂದು ದಿನ ಅಡುಗೆ ಸಾಮಾನಿನ ಟ್ರೇಲರನ್ನು ಜೀಪಿಗೆ ಕಟ್ಟಿಕೊಂಡು ಹೆಬ್ಬಳ್ಳಿಯ ಮದುವೆಗೆ ಹೊರಟಿದ್ದೆ. ದಾರಿಯಲ್ಲಿ ಅವರ ಅಂಗಡಿ ಮುಂದೆ ನಿಲ್ಲಿಸಿದಾಗ ಕಾಕಾ ಕೊಂಡಿ ಬಿಚ್ಚಿ ಎತ್ತಿದರು; ಅದು ಸಲೀಸಾಗಿ ಮೇಲೆದ್ದಿತು. ಹಗುರ ಇದೆಯೆಂದು ನನಗೆ ಖುಷಿ. ಅವರು ಜೀಪಿನ ಕೀಲಿ ಕಿತ್ತು ಕಿಸೆಗೆ ಹಾಕಿಕೊಂಡರು.

"ಹೊತ್ತಾಗೇತ್ರಿ, ಕಾಕಾ!"

"ಆಗ್ಲಿ. ಹಿಂದ ಭಾರ ಆದ್ರ ಟ್ರೇಲರ್ ಹೊಯ್ದಾಡ್ತೈತಿ, ಜೀಪನ್ನೂ ಎಳಕೊಂಡು ಬೀಳತೈತಿ."

ಹಿಂದಿನ ತುದಿಯಿಂದ ಎರಡು ಅಕ್ಕಿ ಚೀಲ ಇಳಿಸಿದರು. ಹಿಂದಿದ್ದ ಗ್ರೈಂಡರನ್ನು ತಾವೇ ಮುಂದಕ್ಕೆ ನೂಕಿದರು. ಮತ್ತೆ ಕೊಂಡಿ ಎತ್ತಿ, ಭಾರಕ್ಕೆ ತೋಳು ಜಗ್ಗಿದ ಮೇಲೆಯೇ ಕೀಲಿ ಕೊಟ್ಟರು.

ಇಳಿಜಾರಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಗಕ್ಕನೆ ಬ್ರೇಕ್ ಒತ್ತಿದೆ. ಟ್ರೇಲರ್ ಅಲುಗದೆ ನೆಟ್ಟಗೆ ನಿಂತಿತು. ಜೀಪಿನಲ್ಲಿ ನಾವು ಐದು ಮಂದಿ ಇದ್ದೆವು.

ಅವರ ಅಂಗಡಿ ಈಗಿಲ್ಲ. ನಾನು ಮಾತ್ರ ಇವತ್ತಿಗೂ ಕೊಂಡಿ ಎತ್ತಿ, ತೋಳು ನೊಂದರಷ್ಟೇ ಕೀಲಿ ತಿರುಗಿಸುತ್ತೇನೆ.