ದ್ವೀಪ ನೋಡಿ ಬಂದ ಟವೆಲ್

ಮಸ್ಕಿಯ ಅಮೀನ್‌ಸಾಬರಿಗೆ ಕ್ರಿಮಿನಾಶಕದ ಅಂಗಡಿಯಿತ್ತು. ಅದಕ್ಕಿಂತ ದೊಡ್ಡ ಆಸ್ತಿಯೆಂದರೆ ಅವರ ಹೆಗಲ ಮೇಲಿನ ಕೆಂಪು ಗೀಟಿನ ಟವೆಲ್. ಬಸ್ಸಿನ ಕಿಟಕಿಯಿಂದ ಅದನ್ನು ಒಳಗೆ ಎಸೆದರೆ ಅದು ಬರೀ ಸೀಟು ಹಿಡಿಯುತ್ತಿರಲಿಲ್ಲ, ಕಾಲ ಮೇಲೆ ಕಾಲು ಹಾಕಿ ಕೂರುತ್ತಿತ್ತು. ಒಮ್ಮೆ ಸಾಹೇಬರು ಚಹಾ ಮುಗಿಸುವಷ್ಟರಲ್ಲಿ ಬಸ್ಸು ಹೊರಟೇಹೋಯಿತು. ಟವೆಲ್ ಒಂದೇ ಲಿಂಗಸುಗೂರಿನವರೆಗೆ ಕೂತು ಹೋಯಿತು. ನಿಂತವರು ಯಾರೂ ಆ ಸೀಟು ಮುಟ್ಟಲಿಲ್ಲ, ಕಂಡಕ್ಟರ್ ಅದಕ್ಕೆ ಟಿಕೆಟ್ ಕೂಡ ಹರಿದ ಎಂದು ಸಾಹೇಬರು ಹೇಳುತ್ತಾರೆ. ನಂಬದವರು ಟವೆಲನ್ನೇ ಕೇಳಬಹುದು.

ಆ ವರ್ಷ ಭತ್ತಕ್ಕೆ ಹುಳ ಬಿತ್ತು. ಹುಳಗಳ ಕೃಪೆಯಿಂದ ಸಾಹೇಬರ ವ್ಯಾಪಾರ ಏರಿ, ಔಷಧ ಕಂಪನಿಯವರು ಡೀಲರುಗಳನ್ನೆಲ್ಲ ಹೆಂಡಿರ ಸಮೇತ, ದ್ವೀಪವೊಂದನ್ನು ತೋರಿಸುತ್ತೇವೆಂದು ಮುಂಬೈಯಿಂದ ಹಡಗು ಹತ್ತಿಸಿದರು. ಸಿಂಧನೂರಿನ ಡೀಲರ್ ಗಿಡ್ಡಪ್ಪನೂ ಅವನ ಹೆಂಡತಿ ಲಕ್ಷ್ಮಿದೇವಿಯೂ ಬಂದಿದ್ದರು.

ಸಾಹೇಬರ ಹೆಂಡತಿ ಮೆಹರಬಾನು ಹೊಳೆದಂಡೆಯ ಮುಕ್ಕುಂದದವಳು. ಮನೆಯಲ್ಲಿ ಉರ್ದು ಆಡಿದರೂ ಗಂಡನಿಗೆ ಚುಚ್ಚಬೇಕಾದಾಗ ಕನ್ನಡವನ್ನೇ ಬಳಸುತ್ತಿದ್ದಳು. ಹೊರಡುವ ಮುಂಚೆಯೇ ಹೇಳಿದ್ದಳು: "ಹಡಗು ನೋಡಿ ನಾ ಏನ್ ಮಾಡ್ಲಿ? ನಿಕಾ ಆದಾಗಿನಿಂದ ಸಮುದ್ರ ತೋರಿಸ್ತೀನಿ ಅಂತೀರಿ. ಆ ನೀರಾಗ ಒಮ್ಮೆ ಕಾಲಿಡಬೇಕ್ರೀ, ಅಷ್ಟ."

"ಕಾಲೇನು, ಮೊಣಕಾಲ ತನಕ ಇಳಿಸ್ತೀನಿ!" ಎಂದು ಸಾಹೇಬರು ಮಾತು ಕೊಟ್ಟಿದ್ದರು.

ಹಡಗೋ, ಸಿಂಧನೂರಿನ ಅಷ್ಟೂ ರೈಸ್ ಮಿಲ್ಲುಗಳನ್ನು ಒಂದರ ಮೇಲೊಂದಿಟ್ಟು ಸುಣ್ಣ ಬಳಿದಂತಿತ್ತು. ಇಷ್ಟು ದೊಡ್ಡ ಹಡಗಿಗೆ ದ್ವೀಪದ ದಂಡೆ ಮುಟ್ಟುವ ಯೋಗ್ಯತೆ ಇರಲಿಲ್ಲ. ದೂರದಲ್ಲೇ ಲಂಗರು ಹಾಕಿತು. ಅಲ್ಲಿಂದ ಸಣ್ಣ ದೋಣಿಯಲ್ಲಿ, ಟೋಕನ್ ನಂಬರಿನ ಪ್ರಕಾರ, ಅದೂ ಸಮುದ್ರ ಒಪ್ಪಿದರೆ ಹೋಗಬೇಕು ಎಂದು ಮೈಕಿನಲ್ಲಿ ಸಾರಿದರು. ಬರುವಾಗ ಇದೇ ಕಂಪನಿಯವರು ದ್ವೀಪವನ್ನು ಹಡಗಿಗೇ ಕಟ್ಟಿಹಾಕಿದ್ದೇವೆ ಎಂಬಂತೆ ಮಾತಾಡಿದ್ದರು.

"ನಮ್ಮ ಕಾಲುವಿ ನೀರಿನ ಕತಿನ ಇದು," ಎಂದರು ಸಾಹೇಬರು. "ಮ್ಯಾಲಿನವರು ಉಂಡು ಕೈ ತೊಳಕೊಂಡ ಮ್ಯಾಲ ನಮ್ಮ ಪಾಳಿ."

ಗಾಳಿ ಎದ್ದಿತು. ದೋಣಿ ಬಿಡುತ್ತೇವೆ ಎಂದರು, ಬಿಡುವುದಿಲ್ಲ ಎಂದರು, ಬಿಟ್ಟರೂ ಬಿಡಬಹುದು ಎಂದರು. ಈ ಪರಿ ಅಡ್ಡಾಡುವ ಮಾತನ್ನು ಸಾಹೇಬರು ಚುನಾವಣೆಯಲ್ಲೂ ಕೇಳಿರಲಿಲ್ಲ. ಕೊನೆಗೆ, ಈಗ ತುಂಬುತ್ತಿರುವುದೇ ಕಡೆಯ ದೋಣಿ ಆಗಬಹುದು ಎಂಬ ಸುದ್ದಿ ಬಂತು. ಮೇಲಿನ ಅಂತಸ್ತಿನಿಂದ ಬಗ್ಗಿ ನೋಡಿದರೆ ಸೀಟುಗಳು ತುಂಬುತ್ತಿವೆ!

ಸಾಹೇಬರಿಗೆ ಮಸ್ಕಿ ಬಸ್ ನಿಲ್ದಾಣ ನೆನಪಾಯಿತು. ಟವೆಲಿನ ತುದಿಗೆ ನೀರಿನ ಬಾಟಲಿ ಗಂಟು ಹಾಕಿ ಬೀಸಿ ಒಗೆದರು. ಗರುಡನೂ ನಾಚುವಂತೆ ಅದು ಹಾರಿ, ಖಾಲಿಯಿದ್ದ ಎರಡು ಸೀಟಿನ ಮೇಲೆ ಅಗಲವಾಗಿ ಬಿತ್ತು.

"ಆತು ನೋಡು! ಇನ್ನ ಸಮುದ್ರದಪ್ಪ ಬಂದ್ರೂ ನಮ್ಮ ಸೀಟು ನಮಗ," ಎಂದು ಹೆಂಡತಿಯ ಕೈ ಹಿಡಿದು ಮೆಟ್ಟಿಲಿಳಿದರು.

ಕೆಳಗೆ ಬಾಗಿಲಿಗೆ ಬಂದಾಗ ಇವರದೇ ನಂಬರು! ಅವರ ಬದುಕಿನಲ್ಲಿ ಮೊದಲ ಬಾರಿಗೆ ಪಾಳಿ ಸರಿಯಾಗಿ ಬಂದಿತ್ತು. ಹಡಗಿನ ಸಿಬ್ಬಂದಿಯವನು ದೋಣಿಯೊಳಗೆ ಬಗ್ಗಿ, ಇನ್ನಿಬ್ಬರಿಗೆ ಜಾಗ ಉಂಟೇ ಎಂದು ಹಿಂದಿಯಲ್ಲಿ ಕೇಳಿದ.

ಆ ಸೀಟಿನ ಪಕ್ಕ ಕೂತಿದ್ದವನು ಗಿಡ್ಡಪ್ಪ. ಸಿಂಧನೂರಿನ ಬಸ್ಸುಗಳಲ್ಲಿ ಬೆಳೆದ ಧರ್ಮಾತ್ಮ; ಯಾರ ಟವೆಲಾದರೂ ಅವನಿಗೆ ಟವೆಲೇ. ಹಡಗಿನ ಕಡೆ ಬೆನ್ನು ಮಾಡಿ, ಎರಡೂ ಕೈ ಚಾಚಿ ಸೀಟು ಕಾಯುತ್ತಿದ್ದವನು ತಿರುಗಿಯೂ ನೋಡದೆ ಕೂಗಿದ: "ಜಾಗಾ ನೈ ಜೀ! ಟವೆಲ್ ಹಾಕ್ಯಾರ, ಕಾಣವಲ್ದೇನು?"

"ಲೇ ಗಿಡ್ಡಪ್ಪ! ಅದು ನಂದ ಟವೆಲ್ಲಲೇ!" ಸಾಹೇಬರ ಕೂಗಿಗೆ ಮೀನುಗಳೆಲ್ಲ ತಲೆಯೆತ್ತಿರಬೇಕು. ಗಿಡ್ಡಪ್ಪನಿಗೆ ಮಾತ್ರ ಇಂಜಿನ್ನಿನ ಸದ್ದಿನಲ್ಲಿ ಕೇಳಲಿಲ್ಲ. ಸಿಬ್ಬಂದಿಯವನು ಹಗ್ಗ ಬಿಚ್ಚಿದ. ಟವೆಲ್ ಎರಡು ಸೀಟಿನಲ್ಲಿ ಆರಾಮಾಗಿ ಮಲಗಿ ದ್ವೀಪಕ್ಕೆ ಹೊರಟಿತು. ಅಲೆ ಜಾಸ್ತಿಯಾಗಿದೆ, ಇನ್ನು ಯಾರನ್ನೂ ಇಳಿಸುವುದಿಲ್ಲ ಎಂದು ಮೈಕು ಆಗಲೇ ಸಾರಿತು.

ಮೆಹರಬಾನು ಕೂಗಾಡಲಿಲ್ಲ. ಅದೇ ಭಯಂಕರ. "ಬಾಳ ಶ್ಯಾಣ್ಯಾ ಐತ್ರೀ ನಿಮ್ಮ ಟವೆಲ್ಲು. ಮುಂದಿನ ಸಲ ಅದನ್ನ ನಿಕಾ ಆಗ್ರಿ," ಎಂದಳು. ಸಾಹೇಬರು ಮಧ್ಯಾಹ್ನದ ಊಟದಲ್ಲಿ ಬಿರಿಯಾನಿ ಬಿಟ್ಟರು. ಮಸ್ಕಿಯಲ್ಲಿ ಇದನ್ನು ಯಾರೂ ನಂಬಲಾರರು.

ಸಂಜೆ, ಹೋದವರನ್ನು ದೋಣಿ ಹೇಗೋ ತಿರುಗಿ ತಂದಿತು. ಗಿಡ್ಡಪ್ಪ ಟವೆಲ್ ಹಿಡಿದು, ಯುದ್ಧ ಗೆದ್ದವನಂತೆ ಮೇಲೆ ಬಂದ. "ಯಾವ ಮಬ್ಬ ಒಗದಿದ್ನೋ ಏನೋ, ಸಾಹೇಬ್ರ! ತಿರುಗಿ ಬರೋತನಕ ಅವನ ಸೀಟು ಬಿಟ್ಟುಕೊಡಲಿಲ್ಲ ನೋಡ್ರಿ ನಾ. ದಂಡಿಮ್ಯಾಲ ಅಲಿ ಬಡದು ಲಕ್ಷ್ಮಿ ಸೀರಿ ತೊಯ್ತು, ಇದ್ರಾಗ ಒರಸ್ಕೊಂಡ್ಲು. ಉಸುಕು ಹತ್ತೇತಿ, ತೊಯ್ದು ತೊಪ್ಪಿ ಆಗೇತಿ."

ಸಾಹೇಬರು ಬಾಯಿ ತೆರೆಯುವ ಮುನ್ನ ಮೆಹರಬಾನು ಟವೆಲ್ ಕಸಿದುಕೊಂಡಳು. ಹಡಗಿನ ಹಲಗೆಯ ಮೇಲೆ ಹಾಸಿದಳು. ಚಪ್ಪಲಿ ಕಳಚಿ, ಆ ಒದ್ದೆ ಉಸುಕಿನ ಮೇಲೆ ಎರಡೂ ಪಾದವೂರಿ ನಿಂತಳು. ಬೆರಳ ಸಂದಿಯಿಂದ ಸಮುದ್ರದ ನೀರು ಪಿಚಕ್ಕೆಂದು ಮೇಲೆ ಬಂತು. ದೂರದ ದ್ವೀಪದ ಕಡೆ ನೋಡಿದಳು.

ಸಾಹೇಬರು ಮೆಲ್ಲಗೆ ಒಂದು ಕಾಲು ತಂದು ಟವೆಲಿನ ಅಂಚಿಗೆ ಇಟ್ಟರು.

"ತಗೀರಿ ಕಾಲು," ಎಂದಳು ಮೆಹರಬಾನು. "ಜಾಗ ಹಿಡದಾಗೈತಿ."